ಒಂದೇ ಹಟ್ಟಿಯಲ್ಲಿ ಎರಡು ಗುಂಪಿನ ಮೊಲ ಸಾಕುವ ಕ್ರಮ

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ದನ ಮಾರಿದ ಮೇಲೆ ಖಾಲಿ ಬಿದ್ದ ಹಟ್ಟಿಗಳು ಬೇಕಾದಷ್ಟಿವೆ. ಮುರಕಲ್ಲಿನ ಗೋಡೆ, ಹಂಚಿನ ಮಾಡು, ಸಿಮೆಂಟು ನೆಲ ಇದ್ದರೆ ಸಾಕುಮೊಲಕ್ಕೆ ಹೇಳಿ ಮಾಡಿಸಿದ ಜಾಗ. ಒಂದಕ್ಕೊಂದು ಆಗದ ಎರಡು ಜೋಡಿಗಳಿದ್ದರೆ ನಡುವೆ ಒಂದು ಬಲೆ ಎಳೆದರೆ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಜಗಳ ಆಗುವುದೇ ಆ ಬಲೆಯ ಬುಡದಲ್ಲಿ. ಪರಕೀಯ ಮೊಲದ ವಾಸನೆ ಬಂದ ಕಡೆಗೇ ಇವು ಹೋಗಿ ಹಿಕ್ಕೆ ಹಾಕುತ್ತವೆ, ಮೂತ್ರ ಚಿಮ್ಮಿಸುತ್ತವೆ, ಮೂಗು ತೂರಿಸುತ್ತವೆ. ಬಲೆ ಒಂದೇ ಪದರದ್ದಾದರೆ ಮೂಗು, ತುಟಿ, ಕಾಲ್ಬೆರಳು ಕಚ್ಚಿಸಿಕೊಳ್ಳುತ್ತವೆ. ಮೊಲದ ಹಲ್ಲಿನ ಗಾಯ ಮೇಲಿಂದ ಸಣ್ಣದು ಕಂಡರೂ ಒಳಗೆ ಕೀವು ಕಟ್ಟುತ್ತದೆ. ಆ ಕೀವು ಬೆಣ್ಣೆಯಷ್ಟು ಗಟ್ಟಿ, ತಾನಾಗಿ ಸೋರಿಹೋಗುವುದಿಲ್ಲ.

ಮೊದಲು ಗುಂಪು ಸರಿ ಮಾಡಿಕೊಳ್ಳಿ

ಮರಿಗಳಲ್ಲಿ ಗಂಡು, ಹೆಣ್ಣನ್ನು 10ರಿಂದ 12 ವಾರದೊಳಗೆ ಬೇರೆ ಮಾಡಿ. ಒಡಹುಟ್ಟು ಎಂಬ ಲೆಕ್ಕ ಅವಕ್ಕಿಲ್ಲ. ಗಬ್ಬದ ಅವಧಿ ಸುಮಾರು 31 ದಿನ, ಮರಿ ಹಾಕಿದ ದಿನವೇ ಮತ್ತೆ ಗಬ್ಬ ಕಟ್ಟಬಲ್ಲವು. ಗಂಡಿಗೆ ಬೀಜ ತೆಗೆಸಿದ ಮೇಲೂ 6 ವಾರ ಹೆಣ್ಣಿನ ಹತ್ತಿರ ಬಿಡಬೇಡಿ. ಹೆಣ್ಣಿಗೂ ಆಪರೇಷನ್ ಮಾಡಿಸುವುದು ಒಳ್ಳೆಯದು. ಜಾಗಕ್ಕಾಗಿ ಹೊಡೆದಾಡುವುದರಲ್ಲಿ ಹೆಣ್ಣುಗಳೇನೂ ಹಿಂದೆ ಬೀಳುವುದಿಲ್ಲ, ಅಲ್ಲದೆ ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರ್ ಬರುವ ಸಂಭವ ಜಾಸ್ತಿ. ಮೊಲಕ್ಕೆ ಅರಿವಳಿಕೆ ಕೊಟ್ಟು ಅಭ್ಯಾಸ ಇದೆಯೇ ಎಂದು ಡಾಕ್ಟರರನ್ನು ಕೇಳಿಯೇ ಹೋಗಿ, ಊರಲ್ಲಿ ಇಲ್ಲದಿದ್ದರೆ ಮಂಗಳೂರಲ್ಲಿ ವಿಚಾರಿಸಿ. ನಾಯಿ ಬೆಕ್ಕುಗಳಂತೆ ಹಿಂದಿನ ರಾತ್ರಿ ಉಪವಾಸ ಹಾಕಬೇಡಿ. ಮೊಲಕ್ಕೆ ವಾಂತಿ ಬರುವುದಿಲ್ಲ, ಹೊಟ್ಟೆ ಖಾಲಿ ಬಿಟ್ಟರೆ ಕರುಳಿನ ಚಲನೆಯೇ ನಿಂತೀತು.

ಗಡಿ ಕಟ್ಟುವುದು

20 ಅಡಿ ಉದ್ದ, 10 ಅಡಿ ಅಗಲದ ಹಟ್ಟಿ ಎಂದಿಟ್ಟುಕೊಳ್ಳಿ. ಎರಡೂ ತುದಿಯಲ್ಲಿ 6 ಅಡಿಯಂತೆ ಬಿಟ್ಟರೆ ಒಂದೊಂದು ಜೋಡಿಗೂ 60 ಚದರ ಅಡಿಯ ಸ್ವಂತ ಮನೆಯಾಯಿತು. ನಡುವಿನ 8 ಅಡಿ ಸಮಾನ ಅಂಗಳ, ಸರದಿಯ ಮೇಲೆ ಓಡಾಡಲು. ಹಟ್ಟಿ ಇದಕ್ಕಿಂತ ಚಿಕ್ಕದಾದರೆ ಅಂಗಳವನ್ನು ಕುಗ್ಗಿಸಿ, ಮನೆಯನ್ನಲ್ಲ.

ಅಡ್ಡಗೋಡೆಗೆ 4 ಇಂಚು ಅಗಲದ ಹಳೇ ಪಕ್ಕಾಸುಗಳು ಸಾಕು. ಅವುಗಳಿಂದ ಚೌಕಟ್ಟು ಮಾಡಿ, ಅದರ ಎರಡೂ ಮುಖಕ್ಕೆ ಬಲೆ ಹೊಡೆದರೆ ನಡುವೆ 4 ಇಂಚಿನ ಸಂದು ತಾನಾಗಿ ಉಳಿಯುತ್ತದೆ. ಒಂದು ಇಂಚು ಉದ್ದ, ಅರ್ಧ ಇಂಚು ಅಗಲದ ಕಣ್ಣಿನ, 14 ಗೇಜಿನ ವೆಲ್ಡ್ ಮೆಶ್ ತನ್ನಿ. 4 ಅಡಿ ಎತ್ತರದ್ದು, ಎರಡು ಅಡ್ಡಗೋಡೆಗೆ ಎರಡೆರಡು ಪದರ ಅಂದರೆ 40 ಅಡಿ ಬೇಕು. ಕೋಳಿಗೂಡಿನ ಷಟ್ಕೋನ ಬಲೆ ಅಗ್ಗ, ಆದರೆ ಅದರ ತಂತಿಯನ್ನು ಮೊಲ ಕಡಿದು ತುಂಡು ಮಾಡುತ್ತದೆ. ನೈಲಾನ್ ಬಲೆಯ ಮಾತೇ ಬೇಡ. ಕತ್ತರಿಸಿದ ತಂತಿಯ ಮೊನೆಗಳೆಲ್ಲ ಸಂದಿನೊಳಕ್ಕೆ ಬಾಗಿರಲಿ.

ಬಾಗಿಲನ್ನು ಮಾತ್ರ ಎಲ್ಲರೂ ಮರೆಯುತ್ತಾರೆ. ಗೋಡೆಗೆಲ್ಲ ಎರಡು ಪದರ ಹೊಡೆದು ಬಾಗಿಲಿಗೆ ಒಂದೇ ಪದರ ಬಿಟ್ಟರೆ ಎರಡೂ ಕಡೆಯ ಮೊಲಗಳು ಅಲ್ಲೇ ಬಂದು ಕೂರುತ್ತವೆ. ಬಾಗಿಲಿನ ಕೆಳಗಿನ 2 ಅಡಿಗೆ ತಗಡು ಹೊಡೆಯಿರಿ, ನೆಲಕ್ಕೂ ಬಾಗಿಲಿಗೂ ಒಂದು ಇಂಚಿಗಿಂತ ಹೆಚ್ಚು ಸಂದು ಬೇಡ. ಚಿಲಕ ಮೇಲೊಂದು, ಕೆಳಗೊಂದು.

ಇನ್ನು ನೆಲದ ಓಣಿ. ಗಂಜಲ ಹರಿಯಲೆಂದು ಹಟ್ಟಿಯ ಉದ್ದಕ್ಕೂ 4 ಇಂಚು ಆಳದ ಓಣಿ ಇರುತ್ತದಲ್ಲ, ಬಲೆಯನ್ನು ನೆಲಮಟ್ಟಕ್ಕೆ ನಿಲ್ಲಿಸಿದರೆ ಮರಿಗಳು ಅದರಡಿಯಲ್ಲಿ ಚಪ್ಪಟೆಯಾಗಿ ನುಸುಳಿ ಆಚೆ ಹೋಗುತ್ತವೆ. ಅವು ಹೋಗದಿದ್ದರೂ ಮೇಲಿನ ಗುಂಪಿನ ಮೂತ್ರ, ಹಿಕ್ಕೆ ಕೆಳಗಿನ ಗುಂಪಿನ ಕಡೆ ಹರಿಯುತ್ತದೆ. ವಾಸನೆಗೆ ಜಗಳ, ಹಿಕ್ಕೆಯ ಮೂಲಕ ಕಾಕ್ಸಿಡಿಯಾ ಎಂಬ ಕರುಳಿನ ಪರೋಪಜೀವಿ. ಅಡ್ಡಗೋಡೆ ಬರುವಲ್ಲಿ ಓಣಿಯನ್ನು ಸಿಮೆಂಟು ಹಾಕಿ ಮುಚ್ಚಿ. ಎರಡೂ ಮನೆಗೆ, ಅಂಗಳಕ್ಕೆ ಬೇರೆ ಬೇರೆ 2 ಇಂಚಿನ ಪಿವಿಸಿ ಪೈಪನ್ನು ಗೋಡೆಯಾಚೆ ಬಿಟ್ಟು, ಬಾಯಿಗೆ ಬಲೆ ಕಟ್ಟಿ. ಇಲ್ಲದಿದ್ದರೆ ಪೈಪಿನಲ್ಲಿ ಹಾವು, ಹೆಗ್ಗಣ ಬಂದೀತು. ಮುರಕಲ್ಲಿನ ಸಂದುಗಳನ್ನು ಗಾರೆ ತುಂಬಿ ಮುಚ್ಚುವುದೂ ಇದೇ ಕಾರಣಕ್ಕೆ.

ಸರದಿ

ಮೊದಲ ಎರಡು ವಾರ ಒಂದು ಗುಂಪಿನ ಮೋರೆ ಇನ್ನೊಂದಕ್ಕೆ ಕಾಣದಿರಲಿ. 4 ಇಂಚಿನ ಸಂದಿನೊಳಗೆ ಒಣಗಿದ ಅಡಿಕೆ ಹಾಳೆಗಳನ್ನು 2 ಅಡಿ ಎತ್ತರಕ್ಕೆ ಸಾಲಾಗಿ ನಿಲ್ಲಿಸಿ. ಅದಕ್ಕಿಂತ ಮೇಲೆ ಗಾಳಿಯಾಡಬೇಕು. ಬಲೆಯ ಹತ್ತಿರ ಬಂದು ಗುರ್ ಎನ್ನುವುದು, ನೆಲಕ್ಕೆ ಕಾಲು ಬಡಿಯುವುದು ಕಡಿಮೆಯಾದ ಮೇಲೆ ದಿನಕ್ಕೊಂದೆರಡು ಹಾಳೆ ತೆಗೆಯಿರಿ. ಕೆಲವಕ್ಕೆ ತಿಂಗಳಾದರೂ ಸಮಾಧಾನವಾಗುವುದಿಲ್ಲ, ಅಂಥ ಕಡೆ ಹಾಳೆ ಇದ್ದುಬಿಡಲಿ.

ಮೊಲ ಚುರುಕಾಗಿರುವುದು ಬೆಳಗಿನ ಜಾವ ಮತ್ತು ಮುಸ್ಸಂಜೆ. ಈ ದಿನ ಬೆಳಗ್ಗೆ ಅಂಗಳಕ್ಕೆ ಬಂದ ಜೋಡಿ ನಾಳೆ ಸಂಜೆ ಬರಲಿ, ಮೂರು ನಾಲ್ಕು ಗಂಟೆಯಾದರೂ ಇರಲಿ. ಅಂಗಳದಲ್ಲಿ ಇಡುವ ಡಬ್ಬ, ಪೈಪುಗಳಿಗೆ ಎರಡು ಬಾಯಿ ಇರಬೇಕು, ಅಟ್ಟಿಸಿಕೊಂಡದ್ದು ಮೂಲೆಯಲ್ಲಿ ಸಿಕ್ಕಿಬೀಳಬಾರದು. ಹಿಕ್ಕೆಯ ಟ್ರೇ ಅವರವರ ಮನೆಯಲ್ಲೇ ಇರಲಿ. ಅಂಗಳದ ಮೂತ್ರದ ಬಿಳಿ ಕಲೆಗೆ ವಿನೆಗರ್, ನೀರು ಸಮ ಸಮ ಬೆರೆಸಿ ಉಜ್ಜಿ.

ಆಚೆಯ ಮೊಲದ ಮೇಲಿನ ಸಿಟ್ಟನ್ನು ತನ್ನ ಜೋಡಿಯ ಮೇಲೆಯೇ ತೀರಿಸುವುದುಂಟು. ಇಷ್ಟು ದಿನ ಒಟ್ಟಿಗೆ ಮಲಗುತ್ತಿದ್ದವು ಬಾಲವೆತ್ತಿ ಅಟ್ಟಿಸಲು, ರೋಮ ಕೀಳಲು ಶುರು ಮಾಡಿದರೆ ಹಾಳೆ ಮತ್ತೆ ನಿಲ್ಲಿಸಿ, ಒಂದು ವಾರ ಅಂಗಳದ ಸರದಿ ನಿಲ್ಲಿಸಿ. ಉರುಳಾಡಿ ಕಚ್ಚುವಾಗ ಕೈ ಹಾಕಬೇಡಿ, ಹಿಡಿಸೂಡಿ ಅಡ್ಡ ಹಿಡಿಯಿರಿ ಅಥವಾ ದಪ್ಪ ಬೈರಾಸು ಎಸೆಯಿರಿ. ಆಮೇಲೆ ರೋಮ ಸರಿಸಿ ಮೈಯೆಲ್ಲ ನೋಡಿ.

ಮಳೆ ಮತ್ತು ಬಿಸಿಲು

ಮೊಲ ಬರಿಯ ಸಿಮೆಂಟಿನ ಮೇಲೆ, ಅದೂ ಒದ್ದೆಯಲ್ಲಿ, ಕೂತರೆ ಹಿಂಗಾಲಿನ ಅಡಿ ಹುಣ್ಣಾಗುತ್ತದೆ. ಬೈಹುಲ್ಲನ್ನು 3 ಇಂಚು ದಪ್ಪ ಹಾಸಿ. ಇಡೀ ಮಳೆಗಾಲಕ್ಕೆ ಬೇಕಾದದ್ದನ್ನು ಮೇ ಬಿಸಿಲಿಗೆ ಒಣಗಿಸಿ ಅಟ್ಟಕ್ಕೇರಿಸಿ, ಬೂಸಲು ಬಂದದ್ದನ್ನು ಹಾಸಲೂ ಬೇಡಿ. ಜೂನಿನಿಂದ ದಿನಕ್ಕೆರಡು ಸಲ ಬಾಲದ ಬುಡ ನೋಡಬೇಕು. ಹಿಕ್ಕೆ ಅಂಟಿದ್ದರೆ ನೊಣ ಮೊಟ್ಟೆಯಿಟ್ಟು, ಒಂದೇ ದಿನದಲ್ಲಿ ಹುಳ ಬಿದ್ದೀತು.

ಮಾರ್ಚಿನಿಂದ ಮೇವರೆಗಿನ ಸೆಕೆ ಇನ್ನೂ ಕಷ್ಟ. 30 ಡಿಗ್ರಿ ದಾಟಿದರೆ ಮೊಲ ತತ್ತರಿಸುತ್ತದೆ. ನೀರು ಹೆಪ್ಪುಗಟ್ಟಿಸಿದ ಬಾಟಲಿಗೆ ಬಟ್ಟೆ ಸುತ್ತಿ, ಮೊಲಕ್ಕೊಂದರಂತೆ ಇಡಿ. ಒಂದೇ ಇಟ್ಟರೆ ಜೋರಿನದ್ದೇ ಅದರ ಪಕ್ಕ ಮಲಗುತ್ತದೆ. ಏದುಸಿರು ಬಿಡುತ್ತಿದ್ದರೆ ಕಿವಿಗೆ ತಣ್ಣೀರು ಸವರಿ ಕೂಡಲೇ ಆಸ್ಪತ್ರೆಗೆ ಒಯ್ಯಿರಿ, ಐಸ್ ನೀರು ಸುರಿಯಬೇಡಿ.

ಹೊಸ ಮೊಲ ತಂದರೆ ಈ ಹಟ್ಟಿಗೆ ನೇರ ತರಬಾರದು. ಎರಡು ವಾರವಾದರೂ ಮನೆಯ ಬೇರೆ ಮಗ್ಗುಲಲ್ಲಿ ಇರಲಿ. ಹುಲ್ಲು, ನೀರು, ಗುಡಿಸುವ ಕೆಲಸ ಹಳೆಯವಕ್ಕೆ ಮೊದಲು, ಹೊಸದಕ್ಕೆ ಕೊನೆಗೆ, ಅದರ ಹಿಡಿಸೂಡಿಯೂ ಬೇರೆ. 12 ಗಂಟೆ ಏನೂ ತಿನ್ನದೆ, ಹಿಕ್ಕೆ ಹಾಕದೆ ಕೂತ ಮೊಲ ಯಾವ ಗುಂಪಿನದ್ದೇ ಆಗಲಿ, ಮರುದಿನಕ್ಕೆ ಕಾಯದೆ ಡಾಕ್ಟರಿಗೆ ತೋರಿಸಿ.