ಜೈಲಿನಲ್ಲಿರುವವರಿಗೆ ಔಷಧ, ಚಿಕಿತ್ಸೆ ತಪ್ಪದಂತೆ ಮನೆಯವರು ಮಾಡಬೇಕಾದ್ದೇನು

ಮನೆಯ ಒಬ್ಬರನ್ನು ಪೊಲೀಸರು ಕರೆದೊಯ್ದ ದಿನ ಉಳಿದವರ ಗಮನವೆಲ್ಲ ವಕೀಲರು, ಜಾಮೀನು, ಶ್ಯೂರಿಟಿ ಎಂಬ ಮೂರರ ಸುತ್ತಲೇ ಇರುತ್ತದೆ. ಅವರು ದಿನವೂ ಊಟವಾದ ಮೇಲೆ ನುಂಗುತ್ತಿದ್ದ ಮಾತ್ರೆ ಗೋಡೆಯ ಗೂಡಿನಲ್ಲೇ ಉಳಿದಿದೆ ಎಂಬುದು ನೆನಪಾಗುವ ಹೊತ್ತಿಗೆ ಮೂರು ನಾಲ್ಕು ದಿನ ಕಳೆದುಹೋಗಿರುತ್ತದೆ. ನಮ್ಮ ಮನೆಯಲ್ಲೂ ಹಾಗೆಯೇ ಆಯಿತು. ಅಣ್ಣನಿಗೆ ಚಿಕ್ಕಂದಿನಿಂದ ಮೂರ್ಛೆರೋಗ. ಮಾತ್ರೆ ತಪ್ಪಿದ ಐದನೆಯ ದಿನ ಅವನಿಗೆ ಬ್ಯಾರಕ್ಕಿನಲ್ಲಿ ಫಿಟ್ಸ್ ಬಂದು ಹಣೆ ಒಡೆಯಿತು. ಆಮೇಲೆ ಒಂದೂವರೆ ವರ್ಷ ಚಿತ್ರದುರ್ಗದ ಕೋರ್ಟಿಗೂ ಜೈಲಿನ ಸಂದರ್ಶನಕ್ಕೂ ಆಸ್ಪತ್ರೆಗೂ ಓಡಾಡಿ ನಾನು ಕಲಿತದ್ದನ್ನು, ಇನ್ನೊಂದು ಮನೆಯವರು ಅದೇ ಐದು ದಿನಗಳನ್ನು ಕಳೆದುಕೊಳ್ಳಬಾರದೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ನೀವು ಕೇಳುತ್ತಿರುವುದು ಯಾರ ದಯೆಯನ್ನೂ ಅಲ್ಲ. ಸಂವಿಧಾನದ 21ನೆಯ ವಿಧಿ ಕೊಟ್ಟ ಜೀವದ ಹಕ್ಕು ಜೈಲಿನ ಬಾಗಿಲಲ್ಲಿ ಮುಗಿಯುವುದಿಲ್ಲ. ಬೆಂಗಳೂರಿನ ಕೇಂದ್ರ ಕಾರಾಗೃಹದ ಬಂದಿಯೊಬ್ಬರು ಬರೆದ ಪತ್ರದಿಂದ ಆರಂಭವಾಗಿ 1996ರ ಡಿಸೆಂಬರಿನಲ್ಲಿ ತೀರ್ಪು ಕಂಡ ರಾಮಮೂರ್ತಿ ವಿರುದ್ಧ ಕರ್ನಾಟಕ ಸರ್ಕಾರ ಪ್ರಕರಣದಲ್ಲಿ, ಸುಪ್ರೀಂ ಕೋರ್ಟು ಜೈಲುಗಳನ್ನು ಕಾಡುವ ಒಂಬತ್ತು ಸಮಸ್ಯೆಗಳನ್ನು ಹೆಸರಿಸಿತು. ಆರೋಗ್ಯ ಮತ್ತು ನೈರ್ಮಲ್ಯದ ನಿರ್ಲಕ್ಷ್ಯ ಅವುಗಳಲ್ಲಿ ಒಂದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 56ನೆಯ ಕಲಂ, ಆರೋಪಿಯನ್ನು ವಶದಲ್ಲಿಟ್ಟುಕೊಂಡವರೇ ಅವರ ಆರೋಗ್ಯ ಮತ್ತು ಸುರಕ್ಷತೆಯ ಕಾಳಜಿ ವಹಿಸಬೇಕೆಂದು ಹೇಳುತ್ತದೆ. ಕಿಟಕಿಯ ಮುಂದೆ ನಿಂತಾಗ ಈ ಮಾತು ಗೊತ್ತಿದ್ದರೆ ದನಿ ನಡುಗುವುದಿಲ್ಲ.

ಠಾಣೆಯಿಂದ ಜೈಲಿನವರೆಗೆ

ಬಂಧನವಾದ ಕೂಡಲೇ ಸರ್ಕಾರಿ ವೈದ್ಯರಿಂದ ತಪಾಸಣೆ ಮಾಡಿಸಬೇಕೆಂದು ಅದೇ ಸಂಹಿತೆಯ 53ನೆಯ ಕಲಂ ಹೇಳುತ್ತದೆ. ಅದರ ವರದಿಯ ಪ್ರತಿ ಬಂಧಿತರಿಗೆ ಅಥವಾ ಅವರು ಹೇಳಿದವರಿಗೆ ಸಿಗಬೇಕು. ಪೊಲೀಸ್ ವಶದಲ್ಲಿರುವಷ್ಟು ದಿನವೂ ಪ್ರತಿ 48 ಗಂಟೆಗೊಮ್ಮೆ ತಪಾಸಣೆ ನಡೆಯಬೇಕೆಂಬುದು ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕೊಟ್ಟ ನಿರ್ದೇಶನ. ಈ ತಪಾಸಣೆ ಬಹಳಷ್ಟು ಸಲ ಗಾಯದ ಗುರುತು ನೋಡುವುದಕ್ಕೇ ಸೀಮಿತವಾಗುವುದರಿಂದ, ಸಕ್ಕರೆ ಕಾಯಿಲೆ, ಬಿಪಿ, ಹೃದಯಕ್ಕೆ ಹಾಕಿದ ಸ್ಟೆಂಟು, ಫಿಟ್ಸ್, ಮಾನಸಿಕ ಕಾಯಿಲೆ, ಕ್ಷಯ ಇವುಗಳಲ್ಲಿ ಯಾವುದಿದ್ದರೂ ವೈದ್ಯರ ಮುಂದೆ ಬಾಯಿಬಿಟ್ಟು ಹೇಳಿ ಬರೆಸಬೇಕೆಂದು ನಿಮ್ಮವರಿಗೆ ತಿಳಿಸಿ.

ಎರಡನೆಯ ಅವಕಾಶ ಮ್ಯಾಜಿಸ್ಟ್ರೇಟರ ಮುಂದೆ ಸಿಗುತ್ತದೆ. ನ್ಯಾಯಾಂಗ ಬಂಧನಕ್ಕೆ ಕಳಿಸುವ ಆದೇಶ ಬರೆಯುವ ಮೊದಲೇ ವಕೀಲರು ಒಂದು ಮೆಮೊ ಹಾಕಿ, ಆಸ್ಪತ್ರೆಯ ಚೀಟಿಗಳನ್ನು ಅದಕ್ಕೆ ಲಗತ್ತಿಸಿ, ಇಂಥ ಔಷಧ ತಪ್ಪದೆ ಕೊಡಬೇಕೆಂದು ಜೈಲಿನ ಅಧೀಕ್ಷಕರಿಗೆ ನಿರ್ದೇಶನ ಕೋರಿದರೆ ಆ ಸಾಲು ಆದೇಶದಲ್ಲೇ ಸೇರಿ ಜೈಲಿಗೆ ಹೋಗುತ್ತದೆ. ನನ್ನ ಅನುಭವದಲ್ಲಿ ಆಮೇಲೆ ಹತ್ತು ಸಲ ಓಡಾಡಿದರೂ ಸಿಗದಷ್ಟು ಬಲ ಈ ಒಂದು ಸಾಲಿಗಿದೆ. ಮುಂದಿನ ಹಾಜರಾತಿಗಳು ವಿಡಿಯೊ ಕಾನ್ಫರೆನ್ಸ್ ಮೂಲಕ ನಡೆದರೂ, ಹೆಸರು ಕರೆದಾಗ ತಲೆಯಾಡಿಸಿ ಸುಮ್ಮನಾಗದೆ, "ಸ್ವಾಮಿ, ನನಗೆ ಮಾತ್ರೆ ಸಿಗುತ್ತಿಲ್ಲ" ಎಂದು ನ್ಯಾಯಾಧೀಶರಿಗೆ ಹೇಳುವ ಹಕ್ಕು ನಿಮ್ಮವರಿಗಿದೆ.

ಮೂರನೆಯದು ಜೈಲಿನೊಳಗೆ ಸೇರಿಸಿಕೊಳ್ಳುವಾಗ ನಡೆಯುವ ವೈದ್ಯಕೀಯ ತಪಾಸಣೆ. ಇಲ್ಲಿ ಒಂದು ವಿಷಯವನ್ನು ಮನೆಯವರು ನಾಚಿಕೆಯಿಂದ ಮುಚ್ಚಿಡುತ್ತಾರೆ; ಅದಕ್ಕಾಗಿಯೇ ಅದನ್ನು ಬಿಡಿಸಿ ಹೇಳುತ್ತೇನೆ. ದಿನವೂ ಕುಡಿಯುವ ಅಭ್ಯಾಸವಿದ್ದವರಿಗೆ ಮದ್ಯ ಒಮ್ಮೆಲೇ ನಿಂತರೆ ಮೊದಲ ದಿನವೇ ಕೈ ನಡುಕ, ಬೆವರು, ನಿದ್ದೆಗೇಡು ಶುರುವಾಗಿ, ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು, ಮೂರು ಅಥವಾ ನಾಲ್ಕನೆಯ ದಿನ ಇಲ್ಲದ್ದು ಕಾಣುವ ಭ್ರಮೆ, ಗಾಬರಿ, ಜ್ವರ ಸೇರಿಕೊಂಡರೆ ಅದು ಪ್ರಾಣಕ್ಕೇ ಅಪಾಯ. ಹೊರಗಿನಿಂದ ನೋಡಿದವರಿಗೆ ಅದು ಹುಚ್ಚಾಟದಂತೆ, ನಾಟಕದಂತೆ ಕಾಣುತ್ತದೆ. ಇದಕ್ಕೆ ಸರಿಯಾದ ಔಷಧವಿದೆ, ವೈದ್ಯರಿಗೆ ಅದು ಗೊತ್ತಿದೆ, ಆದರೆ ಕುಡಿತದ ವಿಷಯ ಗೊತ್ತಾಗದೆ ಅವರು ಅದನ್ನು ಕೊಡಲಾರರು. ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು, ಕೊನೆಯ ಸಲ ಯಾವಾಗ ಎಂಬ ಮೂರನ್ನೂ ಮರೆಮಾಚದೆ ಹೇಳಿ. ಕೇಸಿಗೆ ತೊಂದರೆಯಾದೀತೆಂಬ ಅಂಜಿಕೆಯಿದ್ದರೆ ವಕೀಲರನ್ನು ಆ ದಿನವೇ ಕೇಳಿಕೊಳ್ಳಿ, ತಡಮಾಡಬೇಡಿ.

ಮಾತ್ರೆಯನ್ನು ಒಳಗೆ ಕಳಿಸುವ ಬಗೆ

ಸಂದರ್ಶನದ ವೇಳೆ ಮಾತ್ರೆಯನ್ನು ಬಂದಿಯ ಕೈಗೇ ಕೊಡಲು ಬರುವುದಿಲ್ಲ. ಹೊರಗಿನ ಔಷಧ ಜೈಲಿನ ವೈದ್ಯಾಧಿಕಾರಿಗಳ ಕಣ್ಣಿಗೆ ಬಿದ್ದು, ಅವರು ಒಪ್ಪಿದ ಮೇಲೆಯೇ ಒಳಗೆ ಹೋಗಬೇಕು. ನಮ್ಮ ಅಮ್ಮ ಮೊದಲ ಸಲ ಹೋದಾಗ ಇಪ್ಪತ್ತು ಮಾತ್ರೆಗಳನ್ನು ಬಿಡಿಸಿ, ಸಣ್ಣ ಪ್ಲಾಸ್ಟಿಕ್ ಕವರಿಗೆ ಹಾಕಿ, ಸೆರಗಿನ ತುದಿಗೆ ಗಂಟು ಕಟ್ಟಿಕೊಂಡು ಹೋಗಿದ್ದರು. ಹೆಸರಿಲ್ಲದ ಬಿಳಿ ಮಾತ್ರೆಯನ್ನು ಯಾವ ಸಿಬ್ಬಂದಿಯೂ ಒಳಗೆ ಬಿಡಲಾರರು, ಹಿಂದಕ್ಕೆ ಕಳಿಸಿದರು. ಎರಡನೆಯ ಸಲ ನಾನು ಪಟ್ಟಿಯನ್ನೇ ಒಯ್ದೆ. ಆದರೆ ಮೆಡಿಕಲ್ ಸ್ಟೋರಿನವರು ಹತ್ತು ಮಾತ್ರೆಯ ಪಟ್ಟಿಯನ್ನು ಕತ್ತರಿಸಿ ಆರು ಕೊಟ್ಟಿದ್ದರು. ಔಷಧದ ಹೆಸರು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ತಿಂಗಳು ಮೂರೂ ಅವರ ಬಳಿ ಉಳಿದ ತುಂಡಿನಲ್ಲಿದ್ದವು. ಆ ಆರು ಮಾತ್ರೆಯನ್ನು ಅಂಗೈಯಲ್ಲಿ ಹಿಡಿದುಕೊಂಡು ಬಸ್ ನಿಲ್ದಾಣದವರೆಗೆ ನಡೆದು ಬಂದದ್ದನ್ನು ನಾನು ಮರೆತಿಲ್ಲ. ಆದ್ದರಿಂದ ಕತ್ತರಿಸದ ಪೂರ್ತಿ ಪಟ್ಟಿ, ಅಂಗಡಿಯ ರಸೀದಿ, ವೈದ್ಯರ ಚೀಟಿಯ ಮೂಲ ಮತ್ತು ಎರಡು ಜೆರಾಕ್ಸ್ ಪ್ರತಿ, ಈ ನಾಲ್ಕನ್ನೂ ಒಟ್ಟಿಗೇ ಒಯ್ಯಿರಿ.

ಚೀಟಿ ಬರೆಸುವಾಗಲೂ ಮೂರು ಎಚ್ಚರ ಬೇಕು. ಸರ್ಕಾರಿ ಸರಬರಾಜಿನಲ್ಲಿ ಬ್ರ್ಯಾಂಡಿನ ಹೆಸರು ಹೊಂದುವುದಿಲ್ಲವಾದ್ದರಿಂದ, ಸೋಡಿಯಂ ವಾಲ್ಪ್ರೊಯೇಟ್, ಮೆಟ್‌ಫಾರ್ಮಿನ್ ಎಂಬಂತೆ ಔಷಧದ ಮೂಲ ಹೆಸರನ್ನು ಬರೆಸಿ. ಔಷಧ ಒಮ್ಮೆಲೇ ನಿಂತರೆ ಏನಾಗುತ್ತದೆಂಬುದನ್ನು ಒಂದು ಸಾಲಿನಲ್ಲಿ ಬರೆದುಕೊಡಲು ವೈದ್ಯರನ್ನು ಕೇಳಿ. ಫಿಟ್ಸ್ ಮಾತ್ರೆ ನಿಂತರೆ ಬಿಡುವಿಲ್ಲದೆ ಫಿಟ್ಸ್ ಬರಬಹುದು, ಸ್ಟೆಂಟ್ ಹಾಕಿಸಿಕೊಂಡವರ ರಕ್ತ ತೆಳುವಾಗಿಸುವ ಮಾತ್ರೆ ನಿಂತರೆ ಸ್ಟೆಂಟಿನಲ್ಲೇ ರಕ್ತ ಹೆಪ್ಪುಗಟ್ಟಬಹುದು. ಮೂರನೆಯದು ಹೊತ್ತಿನದು. ಜೈಲಿನಲ್ಲಿ ಸಂಜೆಯ ಊಟ ಬೇಗ ಆಗುತ್ತದೆ, ಕತ್ತಲಾಗುವ ಮೊದಲೇ ಬ್ಯಾರಕ್ಕಿಗೆ ಬೀಗ ಬೀಳುತ್ತದೆ. ಮನೆಯಲ್ಲಿ ರಾತ್ರಿ ಒಂಬತ್ತಕ್ಕೆ ಊಟ ಮಾಡುತ್ತಿದ್ದವರಿಗೆ "ರಾತ್ರಿ ಊಟಕ್ಕೆ ಮೊದಲು" ಎಂದು ಬರೆದ ಇನ್ಸುಲಿನ್ ಅಲ್ಲಿ ಯಾವ ಹೊತ್ತಿಗೆ ಸಿಗುತ್ತದೆ ಎಂದು ಯಾರೂ ಯೋಚಿಸಿರುವುದಿಲ್ಲ. ಊಟಕ್ಕೂ ಸೂಜಿಗೂ ಹೊತ್ತು ತಪ್ಪಿದರೆ ಸಕ್ಕರೆ ಇಳಿದು ಬಾಗಿಲು ಮುಚ್ಚಿದ ಕೋಣೆಯಲ್ಲೇ ಎಚ್ಚರ ತಪ್ಪುವ ಸಂಭವವಿದೆ. ಜೈಲಿನ ಊಟದ ಹೊತ್ತನ್ನು ತಿಳಿದುಕೊಂಡು, ಅದನ್ನು ವೈದ್ಯರಿಗೆ ಹೇಳಿ, ಚೀಟಿಯನ್ನು ಹೊಸದಾಗಿ ಬರೆಸಿ. ಬಳಕೆಗೆ ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಚಿತ್ರದುರ್ಗದ ಏಪ್ರಿಲ್ ಬಿಸಿಲಿನಲ್ಲಿ ಚಳ್ಳಕೆರೆಯಿಂದಲೋ ಮೊಳಕಾಲ್ಮೂರಿನಿಂದಲೋ ಬಸ್ಸಿನಲ್ಲಿ ತರುವವರು ಐಸ್ ಪ್ಯಾಕ್ ಇಟ್ಟ ಡಬ್ಬಿಯಲ್ಲಿ, ಬಾಟಲಿಗೆ ಬಟ್ಟೆ ಸುತ್ತಿ ತರಬೇಕು. ಮಂಜುಗಡ್ಡೆಗೆ ನೇರವಾಗಿ ತಾಗಿ ಗಟ್ಟಿಯಾದ ಇನ್ಸುಲಿನ್ ಕೆಲಸಕ್ಕೆ ಬರುವುದಿಲ್ಲ.

ಅರ್ಜಿ ಬರೆಯುವುದು

ಬಾಯಿಮಾತಿನ ಕೋರಿಕೆಗೆ ಸಾಕ್ಷಿಯಿರುವುದಿಲ್ಲ. ಒಂದು ಹಾಳೆಯಲ್ಲಿ ಹೀಗೆ ಬರೆದರೆ ಸಾಕು:

"ಗೆ, ಅಧೀಕ್ಷಕರು, ಜಿಲ್ಲಾ ಕಾರಾಗೃಹ, ಚಿತ್ರದುರ್ಗ. ಮಾನ್ಯರೇ, ತಮ್ಮ ಕಾರಾಗೃಹದಲ್ಲಿ ವಿಚಾರಣಾಧೀನ ಬಂದಿಯಾಗಿರುವ ನನ್ನ ಅಣ್ಣನವರಿಗೆ (ಹೆಸರು, ತಂದೆಯ ಹೆಸರು, ಬಂದಿ ಸಂಖ್ಯೆ, ಠಾಣೆ ಮತ್ತು ಅಪರಾಧ ಸಂಖ್ಯೆ) ಮೂರ್ಛೆರೋಗವಿದ್ದು, ದಿನಕ್ಕೆ ಎರಡು ಬಾರಿ ಲಗತ್ತಿಸಿದ ಚೀಟಿಯಲ್ಲಿರುವ ಮಾತ್ರೆ ಸೇವಿಸಬೇಕಾಗಿರುತ್ತದೆ. ಇಂಥ ದಿನಾಂಕದಿಂದ ಮಾತ್ರೆ ದೊರೆತಿಲ್ಲವೆಂದು ಸಂದರ್ಶನದಲ್ಲಿ ತಿಳಿಸಿರುತ್ತಾರೆ. ಮಾತ್ರೆ ತಪ್ಪಿದರೆ ಪ್ರಾಣಾಪಾಯವಿರುವುದರಿಂದ ಅವರನ್ನು ಇಂದೇ ವೈದ್ಯಾಧಿಕಾರಿಗಳಿಂದ ಪರೀಕ್ಷಿಸಿ ಔಷಧ ಕೊಡಿಸಬೇಕೆಂದೂ, ಅದನ್ನು ದಾಖಲಿಸಬೇಕೆಂದೂ ಕೋರುತ್ತೇನೆ."

ಎರಡು ಪ್ರತಿ ಮಾಡಿ, ಒಂದರ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಸ್ವೀಕೃತಿ ಕೊಡಲು ಒಪ್ಪದಿದ್ದರೆ ಜಗಳಕ್ಕೆ ನಿಲ್ಲದೆ ನೇರ ಅಂಚೆ ಕಚೇರಿಗೆ ಹೋಗಿ ಅದೇ ಅರ್ಜಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿಯನ್ನು ಜೋಪಾನವಾಗಿಡಿ. ಒಳಗಿರುವವರ ಜೊತೆ ದಿನ ಕಳೆಯುವವರು ಅದೇ ಸಿಬ್ಬಂದಿ ಎಂಬುದನ್ನು ಮರೆಯಬಾರದು. ಅರ್ಜಿಯ ಮಾತು ಖಚಿತವಾಗಿರಲಿ, ಒರಟಾಗಿರುವುದು ಬೇಡ.

ಹೊರಗಿನ ಆಸ್ಪತ್ರೆಗೆ

ಜೈಲಿನಲ್ಲಿ ಆಗದ ಪರೀಕ್ಷೆ, ಸ್ಕ್ಯಾನಿಂಗ್, ಡಯಾಲಿಸಿಸ್ ಇವುಗಳಿಗೆ ವೈದ್ಯಾಧಿಕಾರಿಗಳ ಶಿಫಾರಸಿನ ಮೇಲೆ ಜಿಲ್ಲಾ ಆಸ್ಪತ್ರೆಗೆ ಕಳಿಸುತ್ತಾರೆ. ಅಲ್ಲಿಯೂ ಆಗದಿದ್ದರೆ ದಾವಣಗೆರೆ, ಶಿವಮೊಗ್ಗ ಅಥವಾ ಸುಮಾರು 200 ಕಿಲೋಮೀಟರ್ ದೂರದ ಬೆಂಗಳೂರು. ತಡವಾಗುವುದು ಬಹುಮಟ್ಟಿಗೆ ಬೆಂಗಾವಲಿನ ಕಾರಣಕ್ಕೆ. ಜಿಲ್ಲಾ ಸಶಸ್ತ್ರ ಮೀಸಲು ಪಡೆಯ ಪೊಲೀಸರು ಬರಬೇಕು. ಬಂದೋಬಸ್ತಿನ ದಿನಗಳಲ್ಲಿ ಅವರು ಸಿಗುವುದು ಕಷ್ಟ. ವೈದ್ಯರು ಕೊಟ್ಟ ದಿನಾಂಕ ತಪ್ಪಿಹೋದರೆ ಅದನ್ನು ಬರೆದಿಟ್ಟುಕೊಳ್ಳಿ. ಎರಡನೆಯ ಸಲವೂ ತಪ್ಪಿದರೆ ಎರಡೂ ದಿನಾಂಕಗಳನ್ನು ಸೇರಿಸಿ ವಕೀಲರ ಮೂಲಕ ವಿಚಾರಣಾ ನ್ಯಾಯಾಲಯಕ್ಕೆ ಅರ್ಜಿ ಹಾಕಿ, ಬೆಂಗಾವಲು ಒದಗಿಸಲು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೂ ನಿರ್ದೇಶನ ಕೇಳಿ. ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ ಬೇಕಾದವರು ಒಂದು ಸಲ ತಪ್ಪುವುದನ್ನೂ ಕಾಯಬಾರದು.

ವಕೀಲರಿಗೆ ಹಣವಿಲ್ಲವೆಂದು ಕೈಚೆಲ್ಲಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೆಯ ಕಲಮಿನಂತೆ, ಬಂಧನದಲ್ಲಿರುವ ಯಾರಿಗೇ ಆದರೂ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಅಧ್ಯಕ್ಷರು ಪ್ರಧಾನ ಜಿಲ್ಲಾ ಮತ್ತು ಸತ್ರ ನ್ಯಾಯಾಧೀಶರೇ ಆಗಿರುವುದರಿಂದ ಅಲ್ಲಿಗೆ ಕೊಟ್ಟ ಅರ್ಜಿಗೆ ಬೇರೆಯೇ ತೂಕವಿದೆ. ಸಹಾಯವಾಣಿ 15100. ನಮಗೆ ಕೊನೆಗೂ ದಾರಿ ತೆರೆದದ್ದು ಈ ಬಾಗಿಲಿನಿಂದ.

ಚಿಕಿತ್ಸೆಯ ದಾಖಲೆ ಬೇಕಾದರೆ ಮಾಹಿತಿ ಹಕ್ಕಿನ ಅರ್ಜಿಯಲ್ಲಿ, ಇದು ಜೀವಕ್ಕೆ ಸಂಬಂಧಿಸಿದ ಮಾಹಿತಿಯಾದ್ದರಿಂದ 48 ಗಂಟೆಯೊಳಗೆ ಕೊಡಬೇಕೆಂದು ಸ್ಪಷ್ಟವಾಗಿ ಬರೆಯಿರಿ. ಬಂದಿಯ ಸಹಿಯಿರುವ ಒಪ್ಪಿಗೆ ಪತ್ರವನ್ನು ಜೊತೆಗಿಡಿ. ಅನಾರೋಗ್ಯದ ಕಾರಣಕ್ಕೆ ಜಾಮೀನು ಕೇಳುವಾಗಲೂ ಇದೇ ದಾಖಲೆ ಬೇಕು. ಸಂಹಿತೆಯ 480ನೆಯ ಕಲಂ ರೋಗಿಗಳನ್ನೂ ಅಶಕ್ತರನ್ನೂ ಹೆಸರಿಸಿ ಜಾಮೀನಿಗೆ ಅವಕಾಶ ಕೊಡುತ್ತದೆ, ಆದರೆ ಕಾಯಿಲೆಯಿದೆ ಎಂದಷ್ಟೇ ಹೇಳಿದರೆ ಸಾಲದು. ಈ ಚಿಕಿತ್ಸೆ ಜೈಲಿನಲ್ಲಿದ್ದುಕೊಂಡು ಏಕೆ ಆಗುವುದಿಲ್ಲ ಎಂಬ ಪ್ರಶ್ನೆಗೆ ನಿಮ್ಮ ಕಾಗದಗಳೇ ಉತ್ತರ ಹೇಳಬೇಕು.

ಗರ್ಭಿಣಿಯರ ಹೆರಿಗೆ ಸಾಧ್ಯವಾದಷ್ಟೂ ಜೈಲಿನ ಹೊರಗಿನ ಆಸ್ಪತ್ರೆಯಲ್ಲೇ ಆಗಬೇಕೆಂದು ಸುಪ್ರೀಂ ಕೋರ್ಟು 2006ರ ಆರ್.ಡಿ. ಉಪಾಧ್ಯಾಯ ಪ್ರಕರಣದಲ್ಲಿ ಹೇಳಿದೆ. ಮನಸ್ಸಿನ ಕಾಯಿಲೆಯಿದ್ದವರ ವಿಷಯದಲ್ಲಿ, ಹಿಂದೆ ಎಂದಾದರೂ ಪ್ರಾಣ ಕಳೆದುಕೊಳ್ಳಲು ಯತ್ನಿಸಿದ್ದರೆ ಅದನ್ನು ಮೊದಲ ದಿನವೇ ಅಧೀಕ್ಷಕರಿಗೆ ಬರೆದು ತಿಳಿಸಿ. ಒಂಟಿಯಾಗಿ ಇಡಬೇಡಿರೆಂದು ಕೋರಿ. ಚಿಂತೆಯಲ್ಲಿ ಕುಗ್ಗಿದ ಮನೆಯವರೂ ಟೆಲಿ ಮಾನಸ್‌ನ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿ ಮಾತಾಡಬಹುದು.

ಬಿಡುಗಡೆಯ ದಿನ ಎಲ್ಲರಿಗೂ ಮನೆ ಸೇರುವ ಆತುರ. ಹೊರಡುವ ಮೊದಲು ಜೈಲಿನಲ್ಲಿ ಕೊಟ್ಟ ಚಿಕಿತ್ಸೆಯ ಚೀಟಿಗಳನ್ನೂ, ಉಳಿದ ಮಾತ್ರೆಗಳನ್ನೂ ಕೇಳಿ ಪಡೆಯಿರಿ. ಕ್ಷಯದ ಚಿಕಿತ್ಸೆ ಸಾಮಾನ್ಯವಾಗಿ ಆರು ತಿಂಗಳು ನಡೆಯಬೇಕು. ನಡುವೆ ನಿಂತರೆ ಔಷಧಕ್ಕೆ ಬಗ್ಗದ ಕ್ಷಯವಾಗಿ ಮನೆಯ ಮಕ್ಕಳಿಗೂ ಹರಡಬಹುದು. ಆ ಚೀಟಿ ಹಿಡಿದು ಮರುದಿನ ಬೆಳಿಗ್ಗೆಯೇ ನಿಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಹೆಸರು ಬರೆಸಿದರೆ, ಮುಂದಿನ ಮಾತ್ರೆಗಳು ಅಲ್ಲಿಯೇ ಉಚಿತವಾಗಿ ಸಿಗುತ್ತವೆ.