ಕಿಕ್‌ಆಫ್ ಲೆಕ್ಕ ಹಾಕಿದ ನನ್ನ ಅನುಭವ: ಐದು ಯಾರ್ಡ್ ಮಾಡಿದ ಕೆಲಸ

ಅಮೆರಿಕನ್ ಫುಟ್‌ಬಾಲ್‌ನ ಎನ್‌ಎಫ್‌ಎಲ್ ಲೀಗ್‌ನ ಫೈನಲ್ ಪಂದ್ಯವೇ ಸೂಪರ್ ಬೌಲ್. 2024ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ 13 ಕಿಕ್‌ಆಫ್ (ಆಟ ಶುರು ಮಾಡಲು ಚೆಂಡನ್ನು ಎದುರಾಳಿಯತ್ತ ಒದೆಯುವುದು) ಆದವು. ಒಂದನ್ನೂ ಯಾರೂ ಹಿಡಿದು ಓಡಲಿಲ್ಲ (ಹಾಗೆ ಓಡೋದಕ್ಕೇ ರಿಟರ್ನ್ ಅನ್ನೋದು). ಹದಿಮೂರೂ ಟಚ್‌ಬ್ಯಾಕ್. ಅಂದರೆ ಚೆಂಡು ಗೋಲ್ ಲೈನ್ ಆಚೆಗಿನ ಎಂಡ್ ಜೋನ್‌ಗೆ ಹೋಯ್ತು, ಆಟ ನಿಂತಿತು, ಎದುರಿನ ತಂಡ ತನ್ನ ಗೋಲ್ ಲೈನ್‌ನಿಂದ 25ನೇ ಯಾರ್ಡ್‌ನಲ್ಲಿ ಶುರು ಮಾಡಿತು. ಟಿವಿ ಮುಂದೆ ಕೂತವರು ಆ ಹೊತ್ತಿಗೆ ಅಡುಗೆಮನೆಗೆ ಹೋಗಿ ತಿಂಡಿ ತರೋದು ಅಭ್ಯಾಸವಾಗಿಬಿಟ್ಟಿತ್ತು.

ಮುಂದಿನ ತಿಂಗಳೇ ಎನ್‌ಎಫ್‌ಎಲ್ ತಂಡಗಳ ಮಾಲೀಕರು 29-3 ಮತಗಳಿಂದ ಕಿಕ್‌ಆಫ್ ನಿಯಮವನ್ನೇ ಬದಲಾಯಿಸಿದರು. ನಾನಿರುವುದು ಟೆಕ್ಸಸ್‌ನ ಪ್ಲೇನೋದಲ್ಲಿ, ಕೆಲಸ ಡೇಟಾ ಎಂಜಿನಿಯರಿಂಗ್. ಇದರಿಂದ ರಿಟರ್ನ್ ನಿಜಕ್ಕೂ ಹೆಚ್ಚಾಗುತ್ತಾ ಅಂತ ಟಿವಿಯವರು ಹೇಳೋದನ್ನು ಕಾಯುವ ಬದಲು ನಾನೇ ಲೆಕ್ಕ ಹಾಕೋಣ ಅನ್ನಿಸಿತು.

ಹಿಂದಿನ ಕಥೆ ಚುಟುಕಾಗಿ. 2010ರಲ್ಲಿ 30ನೇ ಯಾರ್ಡ್‌ನಿಂದ ಒದೆಯುತ್ತಿದ್ದರು, ಹತ್ತರಲ್ಲಿ ಎಂಟು ಕಿಕ್‌ಗೆ ರಿಟರ್ನ್ ಸಿಗುತ್ತಿತ್ತು. ದೂರದಿಂದ ಓಡಿ ಬಂದು ಡಿಕ್ಕಿ ಹೊಡೆಯೋದರಿಂದ ತಲೆಗೆ ಪೆಟ್ಟು ಜಾಸ್ತಿ. ಅದಕ್ಕೇ 2011ರಲ್ಲಿ ಕಿಕ್ ಜಾಗವನ್ನು 35ಕ್ಕೆ ತಂದರು. ಒಂದೇ ವರ್ಷದಲ್ಲಿ ರಿಟರ್ನ್ ಹತ್ತರಲ್ಲಿ ಐದರ ಹತ್ತಿರಕ್ಕೆ ಇಳಿಯಿತು. 2016ರಲ್ಲಿ ಟಚ್‌ಬ್ಯಾಕ್ 20ರಿಂದ 25ಕ್ಕೆ ಬಂತು. 2018ರಲ್ಲಿ ಒದೆಯುವ ತಂಡದವರು ಓಡುತ್ತಾ ಶುರು ಮಾಡುವಂತಿಲ್ಲ ಅಂದರು. 2023ರಲ್ಲಿ ಫೇರ್ ಕ್ಯಾಚ್‌ಗೂ (ಕೈ ಎತ್ತಿ ತೋರಿಸಿ, ಓಡದೆ ಚೆಂಡು ಹಿಡಿಯೋದು) 25ನೇ ಯಾರ್ಡ್ ಕೊಟ್ಟರು. ಆ ವರ್ಷ ರಿಟರ್ನ್ ಸುಮಾರು 22%.

2024ರ ನಿಯಮ ಎಕ್ಸ್‌ಎಫ್‌ಎಲ್ ಅನ್ನೋ ಇನ್ನೊಂದು ಲೀಗ್‌ನಿಂದ ಬಂದದ್ದು. ಕಿಕ್ಕರ್ ಒಬ್ಬನೇ 35ರಲ್ಲಿ. ಅವನ ಉಳಿದ ಹತ್ತು ಜನ ಎದುರಾಳಿಯ 40ನೇ ಗೆರೆಯಲ್ಲಿ ನಿಂತಿರುತ್ತಾರೆ. ರಿಟರ್ನ್ ಮಾಡುವ ತಂಡದ ಪರವಾಗಿ ಅವರನ್ನು ತಡೆಯುವವರು 30 ಮತ್ತು 35ರ ನಡುವೆ. ಚೆಂಡು ನೆಲಕ್ಕೆ ಬೀಳುವ ತನಕ ಅಥವಾ ಯಾರಾದರೂ ಮುಟ್ಟುವ ತನಕ ಇವರ‍್ಯಾರೂ ಅಲುಗಾಡುವಂತಿಲ್ಲ. ಗೋಲ್ ಲೈನ್‌ನಿಂದ 20ರವರೆಗಿನ ಜಾಗ ಲ್ಯಾಂಡಿಂಗ್ ಜೋನ್. ಅಲ್ಲಿ ಬಿದ್ದರೆ ರಿಟರ್ನ್ ಮಾಡಬೇಕು. ಅಲ್ಲಿ ಬಿದ್ದು ಪುಟಿದು ಎಂಡ್ ಜೋನ್‌ನಲ್ಲಿ ನಿಂತರೆ 20ರಿಂದ ಆಟ. ಗಾಳಿಯಲ್ಲೇ ಎಂಡ್ ಜೋನ್‌ಗೆ ಹೋದರೆ 30. ಲ್ಯಾಂಡಿಂಗ್ ಜೋನ್ ಮುಟ್ಟದೇ ಹೋದರೆ 40. ಫೇರ್ ಕ್ಯಾಚ್ ಇಲ್ಲವೇ ಇಲ್ಲ.

ಡೇಟಾ ಹುಡುಕಬೇಕಾದ ಪ್ರಮೇಯವೇ ಬರಲಿಲ್ಲ. ಎನ್‌ಎಫ್‌ಎಲ್‌ವರ್ಸ್ ಅನ್ನೋ ಗುಂಪು 1999ರಿಂದ ಈಚೆಗಿನ ಪ್ರತಿ ಪ್ಲೇಯ ವಿವರವನ್ನು ಉಚಿತವಾಗಿ ಇಟ್ಟಿದೆ. ಆರ್ ಭಾಷೆಯಲ್ಲಿ ಒಂದು ಸಾಲು ಬರೆದರೆ ಇಡೀ ಸೀಸನ್ ಲ್ಯಾಪ್‌ಟಾಪ್‌ಗೆ ಬಂದು ಬೀಳುತ್ತದೆ. ಕಷ್ಟ ಇರೋದು ಸೋಸುವುದರಲ್ಲಿ.

ಮೊದಲು ಆನ್‌ಸೈಡ್ ಕಿಕ್‌ಗಳನ್ನು (ಚೆಂಡು ತಾವೇ ಮರಳಿ ಪಡೆಯಲು ಬೇಕಂತಲೇ ಗಿಡ್ಡವಾಗಿ ಒದೆಯೋದು) ತೆಗೆದೆ. ಪ್ಲೇ ವಿವರಣೆಯಲ್ಲಿ ಆ ಪದ ಇರುತ್ತೆ, ಹುಡುಕೋದು ಸುಲಭ. ಸೇಫ್ಟಿ (ತನ್ನದೇ ಎಂಡ್ ಜೋನ್‌ನಲ್ಲಿ ಸಿಕ್ಕಿಬಿದ್ದು ಪಾಯಿಂಟ್ ಬಿಟ್ಟುಕೊಡೋದು) ಆದಮೇಲಿನ ಕಿಕ್, ಪೆನಾಲ್ಟಿಯಿಂದ ಜಾಗ ಬದಲಾದ ಕಿಕ್, ಇವೂ ಹೊರಗೆ. ಅರ್ಧ ಮುಗಿಯೋಕೆ ಕೆಲವೇ ಸೆಕೆಂಡ್ ಇರುವಾಗ ಒದ್ದದ್ದನ್ನೂ ಬಿಟ್ಟೆ, ಯಾಕೆಂದರೆ ಆಗ ಎರಡೂ ತಂಡಗಳ ಉದ್ದೇಶವೇ ಬೇರೆ, ಗಡಿಯಾರ ಓಡಿಸಿದರೆ ಸಾಕು.

ಎಲ್ಲರೂ ನೋಡೋ ಅಂಕಿ ರಿಟರ್ನ್ ಯಾರ್ಡ್‌ಗಳ ಸರಾಸರಿ. ನನ್ನ ಮಟ್ಟಿಗೆ ಅದು ದಾರಿ ತಪ್ಪಿಸುವ ಅಂಕಿ. ಗೋಲ್ ಲೈನ್‌ನಲ್ಲಿ ಹಿಡಿದು 28 ಯಾರ್ಡ್ ಓಡಿದವನೂ, 8ರಲ್ಲಿ ಹಿಡಿದು 20 ಓಡಿದವನೂ ನಿಲ್ಲೋದು ಒಂದೇ ಕಡೆ. ಜೊತೆಗೆ, ರಿಟರ್ನ್‌ನಲ್ಲಿ ಹೋಲ್ಡಿಂಗ್ (ಎದುರಾಳಿಯನ್ನು ಹಿಡಿದು ತಡೆಯೋದು) ಪೆನಾಲ್ಟಿ ಬಿದ್ದರೆ ಯಾರ್ಡ್‌ಗಳು ಒಂದು ಕಥೆ ಹೇಳುತ್ತವೆ, ಚೆಂಡು ಇನ್ನೊಂದು ಕಡೆ ಇರುತ್ತದೆ. ಹಾಗಾಗಿ ನಾನು ಅಳೆದದ್ದು ಮುಂದಿನ ಪ್ಲೇ ಎಲ್ಲಿಂದ ಶುರುವಾಯ್ತು ಅನ್ನೋದನ್ನ. ಇಲ್ಲೂ ಹುಷಾರಾಗಿರಬೇಕು. ರಿಟರ್ನ್ ಟಚ್‌ಡೌನ್ ಆದರೆ ಮುಂದಿನ ಸಾಲು ಎಕ್ಸ್‌ಟ್ರಾ ಪಾಯಿಂಟ್ ಪ್ರಯತ್ನ. ಸುಮ್ನೆ ಬಿಟ್ಟರೆ ಕಂಪ್ಯೂಟರ್ ಅದನ್ನೂ ಒಂದು ಡ್ರೈವ್‌ನ (ಒಂದು ತಂಡದ ದಾಳಿಯ ಸರದಿ) ಶುರು ಅಂದುಕೊಳ್ಳುತ್ತದೆ. ಫಂಬಲ್ ಆಗಿ, ಅಂದರೆ ಕೈಜಾರಿ, ಚೆಂಡು ಎದುರಾಳಿ ಕೈಗೆ ಹೋದರೆ ದಿಕ್ಕೇ ತಿರುಗುಮುರುಗು. ಎರಡನ್ನೂ ಬೇರೆ ಪಟ್ಟಿಗೆ ಹಾಕಿದೆ.

ಮುಂದಿನ ಪ್ಲೇ ಶುರುವಾದ ಜಾಗ ಹೇಳುವ ಈ ಅಂಕಣ (ಡೇಟಾ ಪಟ್ಟಿಯ ಕಾಲಂ) ಇನ್ನೊಂದು ಉಪಕಾರ ಮಾಡಿತು. ಚೆಂಡು ಎಲ್ಲಿ ಬಿತ್ತು ಅಂತ ಡೇಟಾ ನೇರವಾಗಿ ಹೇಳಲ್ಲ. ಆದರೆ 2024ರಲ್ಲಿ ಟಚ್‌ಬ್ಯಾಕ್ ಆದಮೇಲೆ ಆಟ 20ರಲ್ಲಿ ಶುರುವಾದರೆ ಚೆಂಡು ಪುಟಿದು ಹೋಗಿದೆ, 30 ಆದರೆ ಗಾಳಿಯಲ್ಲೇ ಹೋಗಿದೆ ಅಂತ ಗೊತ್ತಾಗುತ್ತೆ. 40 ಬಂದರೆ ಮಾತ್ರ ವಿವರಣೆ ಓದಲೇಬೇಕು. ಪಕ್ಕದ ಗೆರೆ ದಾಟಿ ಹೋದರೂ 40, ಚೆಂಡು ಗಿಡ್ಡವಾಗಿ ಬಿದ್ದರೂ 40.

2024ರಲ್ಲಿ ರಿಟರ್ನ್ ಸುಮಾರು 33%ಕ್ಕೆ ಏರಿತು. ಇಡೀ ಆಟದ ರೂಪ ಬದಲಾಯಿಸಿ, ಬರೀ ಹನ್ನೊಂದು ಶೇಕಡಾ ಪಾಯಿಂಟ್ ಏರಿಕೆ! ಕಾರಣ ಮುಂದಿನ ಪ್ಲೇಯ ಅಂಕಣದಲ್ಲೇ ಇತ್ತು. ರಿಟರ್ನ್ ಆದಾಗಲೂ ಚೆಂಡು ನಿಲ್ಲುತ್ತಿದ್ದದ್ದು 30ರ ಆಸುಪಾಸಿನಲ್ಲೇ. ಅಂದಮೇಲೆ ಒದೆಯುವ ತಂಡದ ಕೋಚ್ ಯಾಕೆ ಅಪಾಯ ಎಳೆದುಕೊಳ್ಳಬೇಕು? ಟಚ್‌ಬ್ಯಾಕ್ ಅವನಿಗೆ ಇನ್ಶೂರೆನ್ಸ್ ಇದ್ದಂತೆ, ಆ ವರ್ಷ ಕಂತು ಅಗ್ಗವಾಗಿತ್ತು. ಅಪಾಯ ಏನು ಅಂತ ನಮ್ಮೂರ ಕಡೆಯ ಡಲ್ಲಾಸ್ ಕೌಬಾಯ್ಸ್ ತಂಡ ನವೆಂಬರ್‌ನಲ್ಲಿ ವಾಷಿಂಗ್ಟನ್ ತಂಡಕ್ಕೆ ತೋರಿಸಿತು. ಕೌಬಾಯ್ಸ್‌ನ ರಿಟರ್ನರ್ ಕವಾಂಟೆ ಟರ್ಪಿನ್ ಕೈಗೆ ಚೆಂಡು ಮೊದಲು ಸರಿಯಾಗಿ ಸಿಗಲೇ ಇಲ್ಲ. ಆಮೇಲೆ ಒಂದು ಸುತ್ತು ತಿರುಗಿ ತಪ್ಪಿಸಿಕೊಂಡು 99 ಯಾರ್ಡ್ ಓಡಿ ಟಚ್‌ಡೌನ್ ಮಾಡಿದ. ಅಂಥದ್ದೊಂದನ್ನು ನೋಡಿದ ಯಾವ ಕೋಚ್ ತಾನೇ ಕಿಕ್ಕರ್‌ಗೆ ‘ಲ್ಯಾಂಡಿಂಗ್ ಜೋನ್ ಒಳಗೇ ಹಾಕು’ ಅನ್ನುತ್ತಾನೆ?

ಅಸಲಿಗೆ ಮೊದಲ ಪ್ರಸ್ತಾಪದಲ್ಲೇ ಟಚ್‌ಬ್ಯಾಕ್ 35 ಅಂತ ಇತ್ತು. ಮತ ಹಾಕುವ ಮುಂಚೆ 30ಕ್ಕೆ ಇಳಿಸಿದ್ದರು. 2025ರಲ್ಲಿ ಅದೇ 35ಕ್ಕೆ ಹೋದರು. ಆಟಗಾರರು ನಿಲ್ಲೋ ಜಾಗದಲ್ಲಿ ದೊಡ್ಡ ಬದಲಾವಣೆ ಏನಿಲ್ಲ, ಮುಖ್ಯವಾಗಿ ಬದಲಾದದ್ದು ಈ ಐದು ಯಾರ್ಡ್. ರಿಟರ್ನ್ ನಾಲ್ಕರಲ್ಲಿ ಮೂರರಷ್ಟಾಯಿತು.

ಐದು ಯಾರ್ಡ್ ಅಂದರೆ ಅಂದಾಜು ಕಾಲು ಪಾಯಿಂಟ್ ಬೆಲೆ. ಒಂದು ಪಂದ್ಯದಲ್ಲಿ ನಾಲ್ಕೈದು ಸಲ ಎಂಡ್ ಜೋನ್‌ಗೆ ಒದ್ದರೆ ಒಂದು ಪಾಯಿಂಟ್ ದಾನ ಮಾಡಿದ ಹಾಗೆ. ಅದನ್ನು ಯಾವ ಕೋಚೂ ಕೊಡಲ್ಲ. ಹಾಗಾಗಿಯೇ ಈಗ ಕಿಕ್ಕರ್‌ಗಳು ಎತ್ತರಕ್ಕೆ ಹೊಡೆಯೋದು ಬಿಟ್ಟು, ಗಾಳಿಯಲ್ಲಿ ಅಲ್ಲಾಡುತ್ತಾ ಬಂದು ನೆಲದಲ್ಲಿ ಹೇಗೆ ಬೇಕಾದರೂ ಪುಟಿಯುವ ನಕಲ್‌ಬಾಲ್ ಕಿಕ್ ಕಲಿಯುತ್ತಿದ್ದಾರೆ. ರಿಟರ್ನರ್ ತಡವರಿಸಿದ ಪ್ರತಿ ಕ್ಷಣವೂ ಒದ್ದ ತಂಡಕ್ಕೆ ಲಾಭ. ನನಗಂತೂ ಲೀಗ್ ಹುಟ್ಟುಹಾಕಿದ ಅತ್ಯಂತ ಮಜವಾದ ಅಡ್ಡಪರಿಣಾಮ ಇದೇ.

ಒಂದು ವಿಷಯಕ್ಕೆ ನನ್ನ ಲೆಕ್ಕ ಕೈ ಹಾಕಲಿಲ್ಲ. ಹೊಸ ರೂಪದಿಂದ 2024ರ ಕಿಕ್‌ಆಫ್ ರಿಟರ್ನ್‌ಗಳಲ್ಲಿ ಕನ್ಕಷನ್ (ತಲೆಗೆ ಪೆಟ್ಟು ಬಿದ್ದು ಮಿದುಳಿಗೆ ಆಗುವ ಆಘಾತ) ದರ 43% ಇಳಿಯಿತು ಅಂತ ಲೀಗ್ ಹೇಳಿದೆ. ಗಾಯದ ದಾಖಲೆಗಳು ಪ್ಲೇ-ಬೈ-ಪ್ಲೇ ಫೈಲಿನಲ್ಲಿ ಸರಿಯಾಗಿ ಇರಲ್ಲ, ಅಲ್ಲಿ ಲೀಗ್‌ನ ವೈದ್ಯರ ಮಾತೇ ಆಧಾರ.

ನೀವೂ ಮಾಡಿ ನೋಡುವುದಾದರೆ 2023, 2024, 2025 ಮೂರು ಸೀಸನ್ ಸಾಕು. ಮೂರನ್ನೂ ಒಟ್ಟಿಗೆ ಸುರಿದು ಸರಾಸರಿ ತೆಗೆಯಬೇಡಿ, ಟಚ್‌ಬ್ಯಾಕ್ ಗೆರೆ ಮೂರರಲ್ಲೂ ಬೇರೆ ಬೇರೆ. ನಕಲ್‌ಬಾಲ್ ಯಾವುದು ಅಂತ ಮಾತ್ರ ಆ ಫೈಲ್‌ನಿಂದ ಗೊತ್ತಾಗಲ್ಲ. ಅದಕ್ಕೆ ವಿಡಿಯೋ ನೋಡಿ ಕೈಯಲ್ಲೇ ಗುರುತು ಹಾಕಬೇಕು. ಸದ್ಯಕ್ಕೆ ನಾನು ಕೌಬಾಯ್ಸ್ ಪಂದ್ಯಗಳಿಂದ ಶುರು ಮಾಡಿದ್ದೇನೆ.