ಅಗ್ರಿ ಡಿಗ್ರಿ ನಾನು ಓದಿದ್ದು ಹೀಗೆ

ಹೊಲದಲ್ಲಿ ಓಡಾಡಿಕೊಂಡು ಪಾಸಾಗಿಬಿಡಬಹುದು ಅಂದುಕೊಂಡೇ ಕೃಷಿ ಪದವಿಗೆ ಸೇರಿದ್ದೆ. ಮೊದಲ ಸೆಮಿಸ್ಟರ್‌ನಲ್ಲೇ ಆ ಆಸೆ ಹೋಯಿತು. ಬೆಳಿಗ್ಗೆ ಮಣ್ಣು, ಆಮೇಲೆ ತಳಿಶಾಸ್ತ್ರ, ಮಧ್ಯಾಹ್ನ ಕೀಟಗಳ ಪ್ರಾಕ್ಟಿಕಲ್, ನಡುವೆ ಅರ್ಥಶಾಸ್ತ್ರ ಬೇರೆ. ಐದಾರು ಡಿಗ್ರಿಗಳನ್ನು ಒಂದೇ ಚೀಲಕ್ಕೆ ತುರುಕಿದ ಹಾಗಿತ್ತು.

ಮೊದಲ ವರ್ಷ ಉರು ಹೊಡೆದು ದಾಟಿದೆ. ಓದುವ ರೀತಿ ಬದಲಾಗಿದ್ದು ನನ್ನ ಪಾಲಿಗೆ ಒಂದು ಪ್ಲಾಟ್ ಬಂದಾಗ.

5 ಮೀಟರ್ ಉದ್ದ, 4 ಮೀಟರ್ ಅಗಲ. ಬೆಳೆ ಮೆಕ್ಕೆಜೋಳ. ಹೆಕ್ಟೇರಿಗೆ 120 ಕಿಲೋ ಸಾರಜನಕ ಕೊಡಿ ಅಂದಿದ್ದರು. ಹೆಕ್ಟೇರ್ ಅಂದ್ರೆ 10,000 ಚದರ ಮೀಟರ್, ನನ್ನದು 20. ಲೆಕ್ಕಕ್ಕೆ 240 ಗ್ರಾಂ ಬಂತು. ಅರ್ಧ ಬಿತ್ತುವಾಗ, ಉಳಿದರ್ಧ ಗಿಡ ಮೊಣಕಾಲೆತ್ತರ ಬಂದ ಮೇಲೆ. 120 ಗ್ರಾಂ ಯೂರಿಯಾ ತೂಗಿ, ಸಾಲಿನ ಪಕ್ಕ ಗೀರೆಳೆದು ಹಾಕಿ, ಮಣ್ಣು ಮುಚ್ಚಿದೆ. ಲೆಕ್ಕ ಎಷ್ಟು ಸುಲಭ ಅಂತ ಬೀಗಿದ್ದೂ ಉಂಟು.

ತಿಂಗಳಾಗುವ ಹೊತ್ತಿಗೆ ಪಕ್ಕದ ಪ್ಲಾಟ್ ಕಡುಹಸಿರು, ನನ್ನದು ಪೇಲವ. ನೀರು ಸಾಲದೇನೋ ಅಂತ ಇನ್ನೂ ಜಾಸ್ತಿ ಬಿಟ್ಟೆ. ಇದ್ದಬದ್ದ ಸಾರಜನಕವೂ ನೀರಿನ ಜೊತೆ ಬೇರಿನಿಂದ ಕೆಳಗಿಳಿಯುತ್ತೆ ಅನ್ನೋದು ಆಗ ಹೊಳೆಯಲೇ ಇಲ್ಲ.

ಮೇಷ್ಟ್ರು ಬಂದವರು ಬಗ್ಗಿ ಕೆಳಗಿನ ಒಂದು ಎಲೆ ಹಿಡಿದರು. ತುದಿಯಿಂದ ಶುರುವಾದ ಹಳದಿ ನಡುನರದ ಗುಂಟ ಒಳಗೆ ಬಂದಿತ್ತು. ಅಂಚು ಮಾತ್ರ ಇನ್ನೂ ಹಸಿರು.

"ಮೇಲಿನ ಎಲೆ ಚೆನ್ನಾಗಿದೆ, ಕೆಳಗಿನದು ಯಾಕೆ ಹೀಗೆ?"

ಗಿಡ ಹಳೇ ಎಲೆಯಿಂದ ಸಾರಜನಕ ಕಿತ್ತು ಹೊಸ ಎಲೆಗೆ ಕೊಡುತ್ತೆ. ನೋಟ್ಸ್‌ನಲ್ಲಿ ಎರಡು ಸಲ ಬರೆದಿದ್ದ ಸಾಲು ಅದು!

"ಎಷ್ಟು ಯೂರಿಯಾ ಹಾಕಿದೆ?"

ಹೇಳಿದೆ. ಅವರು ನಕ್ಕರು. ಯೂರಿಯಾದಲ್ಲಿ ಸಾರಜನಕ ಇರೋದು 46%. 120 ಗ್ರಾಂ ಸಾರಜನಕ ಸಿಗಬೇಕಾದರೆ ಸುಮಾರು 261 ಗ್ರಾಂ ಯೂರಿಯಾ ಬೇಕಿತ್ತು. ನಾನು ಅರ್ಧವೂ ಹಾಕಿರಲಿಲ್ಲ.

ಅವತ್ತಿಂದ ಪ್ರತಿ ಪಾಠಕ್ಕೂ ಒಂದೇ ಪ್ರಶ್ನೆ ಹಾಕಿಕೊಂಡೆ: ಇದನ್ನು ಎಲ್ಲಿ ನೋಡಬಹುದು? ಕಬ್ಬಿಣದ ಕೊರತೆ ಹೊಸ ಎಲೆಯಲ್ಲಿ ಮೊದಲು ಕಾಣುತ್ತೆ, ನರ ಹಸಿರಾಗೇ ಉಳಿದು ನಡುವೆ ಹಳದಿ. ಅದನ್ನು ಸಾರಜನಕದ ಚಿತ್ರದ ಪಕ್ಕದಲ್ಲೇ ಬರೆದುಕೊಂಡೆ. ಮಣ್ಣಿನ ಪಾಠವಂತೂ ಪುಸ್ತಕಕ್ಕಿಂತ ಬೆರಳಿಗೆ ಬೇಗ ಹತ್ತಿತು. ಒದ್ದೆ ಮಣ್ಣನ್ನು ಹೆಬ್ಬೆರಳಲ್ಲಿ ಒತ್ತಿ ಪಟ್ಟಿ ತೆಗೆಯೋದು. ಜೇಡಿ ಉದ್ದಕ್ಕೆ ಬರುತ್ತೆ, ಮರಳು ಉಂಡೆಯೂ ಆಗಲ್ಲ. ಕೀಟಗಳ ಪೆಟ್ಟಿಗೆಯಲ್ಲಿ ಮತ್ತೆ ಎಡವಿದೆ. ದುಂಬಿಗೆ ಪಿನ್ ಚುಚ್ಚಬೇಕಾದ್ದು ಬಲಗಡೆಯ ಗಟ್ಟಿ ರೆಕ್ಕೆಗೆ, ನಾನು ಎಲ್ಲಕ್ಕೂ ಸರಿಯಾಗಿ ನಡುವೆ ಚುಚ್ಚಿದ್ದೆ. ಸುಮ್ನೆ ಮತ್ತೆ ಹಿಡಿಯೋಕೆ ಹೊರಟೆ.

ಅಂಕಿಅಂಶ ಕೊನೆಗೆ ತಲೆಗೆ ಹೋದ ವಿಷಯ. ನೀರಿನ ಕಾಲುವೆ ಪಕ್ಕದ ಪ್ಲಾಟ್‌ಗಳು ಹೇಗೂ ಚೆನ್ನಾಗಿ ಬರ್ತಿದ್ದವು. ಹಾಗಿದ್ದಾಗ ಒಳ್ಳೇದು ತಳಿಯೋ, ಜಾಗವೋ? ಅಂಕಿಅಂಶ ತಜ್ಞ ರೊನಾಲ್ಡ್ ಫಿಶರ್ 1919ರಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಸಂಶೋಧನಾ ಕೇಂದ್ರ ಸೇರಿದ ಮೇಲೆ ತಲೆಕೆಡಿಸಿಕೊಂಡಿದ್ದೂ ಇದಕ್ಕೇ ಅಲ್ವಾ. ಚೀಟಿ ಎತ್ತಿ ಪ್ಲಾಟ್ ಹಂಚೋದು, ಒಂದೇ ತಳಿಯನ್ನು ನಾಲ್ಕು ಕಡೆ ಹಾಕೋದು ಯಾಕೆ ಅಂತ ಹೊಲದ ಬದುವಿನ ಮೇಲೆ ನಿಂತಾಗ ಅರ್ಥವಾಯಿತು, ಸೂತ್ರ ಆಮೇಲೆ.

ನನ್ನ ಪ್ಲಾಟ್ ಮೇಲುಗೊಬ್ಬರ ಕೊಟ್ಟ ಮೇಲೆ ಚೇತರಿಸಿಕೊಂಡಿತು. ಇಳುವರಿ ಮಾತ್ರ ಪಕ್ಕದವರಷ್ಟು ಬರಲಿಲ್ಲ. ರೆಕಾರ್ಡ್ ಬುಕ್‌ನಲ್ಲಿ ತಪ್ಪು ಲೆಕ್ಕವನ್ನು ಅಳಿಸದೆ, ಕೆಳಗೆ ಸರಿಯಾದದ್ದನ್ನು ಬರೆದಿದ್ದೆ. ವೈವಾಕ್ಕೆ ಬಂದ ಪರೀಕ್ಷಕರು ನೇರ ಅದೇ ಪುಟ ತೆರೆದರು. "ರಂಜಕ ಹೆಕ್ಟೇರಿಗೆ 60 ಕಿಲೋ, ಅದನ್ನು ಡಿಎಪಿಯಲ್ಲಿ ಕೊಡ್ತೀಯ. ಬಿತ್ತುವಾಗ ನಿನ್ನ ಪ್ಲಾಟ್‌ಗೆ ಯೂರಿಯಾ ಎಷ್ಟು?" ಡಿಎಪಿ ಅಂದ್ರೆ ಡೈ ಅಮೋನಿಯಂ ಫಾಸ್ಫೇಟ್ ಗೊಬ್ಬರ. ಅದರಲ್ಲಿ ರಂಜಕ (P2O5 ಲೆಕ್ಕದಲ್ಲಿ) 46%, ಜೊತೆಗೆ ಸಾರಜನಕವೂ 18% ಇರುತ್ತೆ, ಅದನ್ನು ಕಳೆಯಬೇಕು. ಹಾಳೆಯ ಮೂಲೆಯಲ್ಲಿ ಗೀಚಿ ಐದು ನಿಮಿಷ ತಗೊಂಡೆ. 159 ಗ್ರಾಂ.